ಕಲಬುರಗಿಯ ಕೂಲರ್ ಮಂಗಳೂರಿನಲ್ಲಿ ಯಾಕೆ ಕೈಕೊಡುತ್ತದೆ?

‘ಕಲಬುರಗಿಯ 42 ಡಿಗ್ರಿ ತಡೆದುಕೊಂಡವರಿಗೆ ಮಂಗಳೂರಿನ 34 ಯಾವ ಲೆಕ್ಕ?’ ಕೆಲಸಕ್ಕೆಂದು ಕರಾವಳಿಗೆ ಹೊರಟವರಿಗೆ ಹೇಳುವ ಈ ಧೈರ್ಯದ ಮಾತನ್ನು ನಾವು ಒಪ್ಪುವುದಿಲ್ಲ.

ನಮ್ಮ ಮೈ ತಂಪಾಗುವುದು ಬೆವರು ಬರುವುದರಿಂದಲ್ಲ, ಬಂದ ಬೆವರು ಆರುವುದರಿಂದ. ಆರುವಾಗ ಅದು ಚರ್ಮದ ಶಾಖವನ್ನು ಹೊತ್ತೊಯ್ಯುತ್ತದೆ. ಒಣಗಾಳಿಯ ಕಲಬುರಗಿಯಲ್ಲಿ ಇದು ಬೇಗ ಆಗುತ್ತದೆ. ಮಂಗಳೂರಿನ ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿರುವುದರಿಂದ ಬೆವರು ಆರದೆ ತೊಟ್ಟಿಕ್ಕುತ್ತದೆ. ನೀರು, ಉಪ್ಪು ಎರಡೂ ಹೋದವು, ಮೈ ಮಾತ್ರ ತಂಪಾಗಲಿಲ್ಲ! ಊರಿಂದ ಹೊತ್ತು ತಂದ ನೀರಿನ ಕೂಲರ್ ಕೈಕೊಡುವುದೂ ಇದೇ ಕಾರಣಕ್ಕೆ. ಮುಚ್ಚಿದ ಕೋಣೆಯಲ್ಲಂತೂ ಅದು ಸೆಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅದನ್ನು ಊರಲ್ಲೇ ಬಿಟ್ಟುಬನ್ನಿ; ಇಲ್ಲಿ ಫ್ಯಾನ್ ಹಾಕಿ, ಕಿಟಕಿ ತೆರೆದಿಡಿ.

ಹೊಸ ಹವೆಗೆ ದೇಹ ಹೊಂದಿಕೊಳ್ಳಲು ಸಾಮಾನ್ಯವಾಗಿ 1ರಿಂದ 2 ವಾರ ಬೇಕು. ಬಂದ ದಿನವೇ ಬಿಸಿಲಲ್ಲಿ ಪೂರ್ತಿ ಪಾಳಿ ದುಡಿಯಬೇಡಿ, ದಿನದಿನಕ್ಕೆ ಸ್ವಲ್ಪಸ್ವಲ್ಪ ಹೆಚ್ಚಿಸಿ. (ಇಡೀ ದಿನ ಎಸಿಯಲ್ಲೇ ಕುಳಿತರೆ ಈ ಹೊಂದಾಣಿಕೆ ಆಗುವುದಿಲ್ಲ.)

ಬಿಸಿಲಲ್ಲಿ ದುಡಿದವರು ಏನೇನೋ ಬಡಬಡಿಸಿದರೆ, ಎಚ್ಚರ ತಪ್ಪಿದರೆ 108ಕ್ಕೆ ಕರೆ ಮಾಡಿ. ಮೈ ಬೆವರುತ್ತಿದ್ದರೂ ಅದು ಹೀಟ್ ಸ್ಟ್ರೋಕ್ ಆಗಿರಬಹುದು. ಆಂಬುಲೆನ್ಸ್ ಬರುವವರೆಗೆ ನೆರಳಲ್ಲಿ ಮಲಗಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ‘ಕಾದ ಮೈಗೆ ತಣ್ಣೀರು ಬಿದ್ದರೆ ರಕ್ತನಾಳ ಒಡೆಯುತ್ತದೆ’ ಎಂಬ ಫಾರ್ವರ್ಡ್ ನಂಬಿ ತಡಮಾಡಬೇಡಿ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬಾರದು.