ಬಟ್ಟೆಯೊಳಗೇ ಬೆಳಕು: ಅವತಾರಗಳ ಉಡುಪಿನ ವ್ಯಾಪಾರ

ಜವಳಿ ಅಂಗಡಿಗೆ ಬಂದ ಗ್ರಾಹಕರು ಸೀರೆಯ ಬಣ್ಣವನ್ನು ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಂಬುವುದಿಲ್ಲ. ಬಾಗಿಲ ಬಳಿಗೆ ಒಯ್ದು, ಬಿಸಿಲಿಗೆ ಹಿಡಿದು ನೋಡುತ್ತಾರೆ. ಬಟ್ಟೆ ಬೇರೆ, ಅದರ ಮೇಲೆ ಬೀಳುವ ಬೆಳಕು ಬೇರೆ ಎಂಬುದನ್ನು ಅನುಭವಿ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬೆಳಕನ್ನೂ ನೆರಳನ್ನೂ ಬಟ್ಟೆಯೊಳಗೇ ಸೇರಿಸಿ ಮಾರುವ ವ್ಯಾಪಾರವೊಂದು ಕಳೆದ ಎರಡು ದಶಕಗಳಿಂದ ನಡೆದುಬಂದಿದೆ. ಅದರಲ್ಲಿ ನೂಲಿಲ್ಲ, ಮಗ್ಗವಿಲ್ಲ, ಗೋದಾಮೂ ಇಲ್ಲ. ಆದರೆ ವೆಚ್ಚವುಂಟು, ಬೆಲೆಯುಂಟು, ಕಳ್ಳಮಾಲಿನ ಕಾಟವೂ ಉಂಟು.

ಫಿಲಿಪ್ ರೋಸ್‌ಡೇಲ್ ಅವರು 1999ರಲ್ಲಿ ಸ್ಥಾಪಿಸಿದ ಸ್ಯಾನ್‌ಫ್ರಾನ್ಸಿಸ್ಕೋದ ಲಿಂಡೆನ್ ಲ್ಯಾಬ್ ಸಂಸ್ಥೆಯು 2003ರ ಜೂನ್‌ನಲ್ಲಿ ‘ಸೆಕೆಂಡ್ ಲೈಫ್’ ಎಂಬ ಕಾಲ್ಪನಿಕ ಜಗತ್ತನ್ನು ಸಾರ್ವಜನಿಕರಿಗೆ ತೆರೆಯಿತು. ಅದರೊಳಗೆ ಹೋಗುವವರು ‘ಅವತಾರ’ ಎಂಬ ದೇಹವೊಂದನ್ನು ಧರಿಸಿ ಓಡಾಡುತ್ತಾರೆ. ನಮ್ಮ ನುಡಿಯ ಪದವೇ ಅಲ್ಲಿ ತಾಂತ್ರಿಕ ಪದವಾಗಿ ನಿಂತಿದೆ. ಅದೇ ವರ್ಷದ ನವೆಂಬರ್‌ನಲ್ಲಿ, ನಿವಾಸಿಗಳು ತಾವು ನಿರ್ಮಿಸಿದ ವಸ್ತುಗಳ ಬೌದ್ಧಿಕ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಳ್ಳಬಹುದೆಂದು ಸಂಸ್ಥೆಯು ಘೋಷಿಸಿತು. ವ್ಯಾಪಾರಕ್ಕೆ ಬೀಜ ಬಿದ್ದುದು ಅಲ್ಲಿಯೇ. 2005ರಲ್ಲಿ ಆ ಜಗತ್ತಿನ ನಾಣ್ಯವಾದ ಲಿಂಡೆನ್ ಡಾಲರನ್ನು ಅಮೆರಿಕದ ಡಾಲರಿಗೆ ಬದಲಾಯಿಸುವ ವಿನಿಮಯ ಕೇಂದ್ರವೂ ಬಂದಿತು. ದರವು ಬಹುಕಾಲ ಒಂದು ಡಾಲರಿಗೆ 250ರಿಂದ 270 ಲಿಂಡೆನ್ ಡಾಲರುಗಳ ಆಸುಪಾಸಿನಲ್ಲಿತ್ತು. 2006ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ಆನ್ಶೆ ಚುಂಗ್ ಎಂಬ ಅವತಾರದ ಚಿತ್ರ ಅಚ್ಚಾದಾಗ ಹೊರಜಗತ್ತಿನ ವ್ಯವಹಾರಸ್ಥರು ಮೊದಲ ಬಾರಿಗೆ ಅತ್ತ ತಿರುಗಿ ನೋಡಿದರು. ಆಕೆಯದು ಭೂವ್ಯವಹಾರ, ಬಟ್ಟೆ ವ್ಯಾಪಾರಿಗಳು ಅಷ್ಟು ಸುದ್ದಿಯಾಗಲಿಲ್ಲ.

ಆ ಬಟ್ಟೆಯನ್ನು ತಯಾರಿಸುವ ಕ್ರಮ ದರ್ಜಿಗಳಿಗೆ ಅಪರಿಚಿತವೆನಿಸದು. ಅವತಾರದ ದೇಹವನ್ನು ತಲೆ, ಮೇಲ್ಭಾಗ, ಕೆಳಭಾಗ ಎಂದು ಮೂರಾಗಿ ವಿಂಗಡಿಸಿ, ಹಣ್ಣಿನ ಸಿಪ್ಪೆ ಸುಲಿದು ಹರಡಿದಂತೆ ಚಪ್ಪಟೆ ಮಾಡಿದ ನಕ್ಷೆಗಳಿದ್ದವು. ರಾಬಿನ್ ವುಡ್ ಎಂಬ ಕಲಾವಿದೆ ಮತ್ತು ಚಿಪ್ ಮಿಡ್‌ನೈಟ್ ಎಂಬ ನಿವಾಸಿ ಸಿದ್ಧಪಡಿಸಿ ಎಲ್ಲರಿಗೂ ಒದಗಿಸಿದ ನಕ್ಷೆಗಳೇ ಬಹುತೇಕ ತಯಾರಕರ ಕೈಯ ಪೇಪರ್ ಕಟಿಂಗ್ ಆಗಿದ್ದವು. ಚಿತ್ರದ ಅಳತೆ ಉದ್ದಕ್ಕೆ 512, ಅಗಲಕ್ಕೆ 512 ಬಿಂದುಗಳು. ಅಂಗಿಯನ್ನು ಈ ಚೌಕದೊಳಗೆ ಬರೆದು ಕಳುಹಿಸಿದರೆ ಅದು ದೇಹಕ್ಕೆ ಅಂಟಿಕೊಳ್ಳುತ್ತಿತ್ತು. ತೊಂದರೆಯೂ ಇಲ್ಲಿಯೇ ಇತ್ತು. ಆ ಅಂಗಿಗೆ ದಪ್ಪವಿಲ್ಲ, ಮಡಿಕೆಯಿಲ್ಲ. ಬರಿಯ ಕೆಂಪು ತುಂಬಿದರೆ ಕೆಂಪಂಗಿ ತೊಟ್ಟ ಮನುಷ್ಯನ ಬದಲು ಬಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದ ಬೊಂಬೆ ಕಾಣುತ್ತಿತ್ತು.

ಅಂದಿನ ತಂತ್ರಾಂಶವು ದೇಹದ ಉಬ್ಬುತಗ್ಗಿಗೆ ತಕ್ಕಷ್ಟು ಸೂರ್ಯನ ಬೆಳಕನ್ನು ತೋರಿಸುತ್ತಿತ್ತೇ ಹೊರತು ಕಾಲರಿನ ಕೆಳಗಿನ ನೆರಳನ್ನಾಗಲಿ ತೋಳಿನ ಸುಕ್ಕನ್ನಾಗಲಿ ಲೆಕ್ಕ ಹಾಕುತ್ತಿರಲಿಲ್ಲ. ಮನೆಯ ಕಂಪ್ಯೂಟರುಗಳಿಗೆ ಅಷ್ಟು ಶಕ್ತಿಯೂ ಇರಲಿಲ್ಲ. ಆದುದರಿಂದ ತಯಾರಕರು ನೆರಳನ್ನು ಮುಂಚಿತವಾಗಿಯೇ ಚಿತ್ರದೊಳಗೆ ಸೇರಿಸಿದರು. ಈ ಕೆಲಸಕ್ಕೆ ‘ಬೇಕಿಂಗ್’ ಎಂದು ಹೆಸರು. ಸುಟ್ಟ ಇಟ್ಟಿಗೆ ಮತ್ತೆ ಮಣ್ಣಾಗದಂತೆ, ಹೀಗೆ ಸೇರಿದ ನೆರಳು ಬಟ್ಟೆಯಿಂದ ಬಿಡಿಸಿ ಬಾರದು. (ಚರ್ಮ, ಅಂಗಿ, ಕೋಟು ಮುಂತಾದ ಪದರಗಳನ್ನು ಕೂಡಿಸಿ ಒಂದೇ ಚಿತ್ರವಾಗಿಸುವ ಕ್ರಿಯೆಗೂ ಆ ಜಗತ್ತಿನಲ್ಲಿ ಇದೇ ಹೆಸರಿದೆ. ಅದು 2013ರಲ್ಲಿ ಸಂಸ್ಥೆಯ ಸರ್ವರುಗಳಿಗೆ ವರ್ಗವಾಯಿತು. ಒಂದೇ ಪದಕ್ಕೆ ಎರಡು ಅರ್ಥವಿದ್ದರೆ ಹೊಸಬರಿಗೆ ಗೊಂದಲವಾಗುವುದು ಸಹಜ.)

ಕೈಯಲ್ಲಿ ಮಾಡುವವರು ಫೋಟೋಶಾಪಿನಲ್ಲಿ ಬಟ್ಟೆಯ ಬಣ್ಣದ ಮೇಲೆ ನೆರಳಿಗಾಗಿಯೇ ಪ್ರತ್ಯೇಕ ಪದರವಿಟ್ಟು, ಮಡಿಕೆಯ ತಗ್ಗನ್ನು ಕಪ್ಪಾಗಿಸಿ ಏರನ್ನು ತಿಳಿಯಾಗಿಸುತ್ತಿದ್ದರು. ಎರಡನೆಯ ಮಾರ್ಗ ಯಾಂತ್ರಿಕವಾದುದು. 2002ರಿಂದ ಉಚಿತವಾಗಿ ದೊರೆಯುತ್ತಿರುವ ಬ್ಲೆಂಡರ್‌ನಂತಹ ತಂತ್ರಾಂಶದಲ್ಲಿ ಉಡುಪನ್ನು ಮೂರು ಆಯಾಮದಲ್ಲಿ ನಿರ್ಮಿಸಿ, ಅದರ ಪ್ರತಿಯೊಂದು ಬಿಂದುವಿಗೂ ಸುತ್ತಲಿನ ಬಯಲು ಎಷ್ಟು ಕಾಣುತ್ತದೆಂಬುದನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುವುದು. ಕಂಕುಳು, ಕಾಲರಿನ ಕೆಳಭಾಗ, ನೆರಿಗೆಯ ಒಳಗು ಮುಂತಾದ ಮುಚ್ಚಿದ ಜಾಗಗಳು ಕಪ್ಪಾಗುತ್ತವೆ, ಹೆಗಲು ಬೆಳ್ಳಗಾಗುತ್ತದೆ. ಗಂಟೆಗಟ್ಟಲೆ ಹಿಡಿಯಬಹುದಾದ ಈ ಲೆಕ್ಕವನ್ನು ಒಮ್ಮೆ ಮಾಡಿ ಚಿತ್ರವಾಗಿ ಉಳಿಸಿಕೊಂಡರೆ, ಮುಂದೆ ತೊಡುವವರ ಕಂಪ್ಯೂಟರಿಗೆ ಆ ಹೊರೆಯಿಲ್ಲ.

ಕಸುಬಿನ ಮರ್ಮವಿರುವುದು ಹೊಲಿಗೆಯ ಗೆರೆಯಲ್ಲಿ. ಮುಂಭಾಗ ಮತ್ತು ಹಿಂಭಾಗದ ಚಿತ್ರಗಳು ಪಕ್ಕೆಯಲ್ಲಿ ಸೇರುವೆಡೆ ನೆರಳಿನ ಗಾಢತೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಂಕುಳಿನಿಂದ ಸೊಂಟದವರೆಗೆ ಗೀರು ಎದ್ದು ಕಾಣುತ್ತದೆ. ಬಿಳಿಯ ಬಟ್ಟೆಗೆ ಅಚ್ಚ ಕಪ್ಪಿನ ನೆರಳು ಹಾಕಿದರೆ ಅದು ಮಸಿ ಹತ್ತಿದಂತಿರುತ್ತದೆ. ಆದ್ದರಿಂದ ನುರಿತವರು ಬಟ್ಟೆಯ ಬಣ್ಣವನ್ನೇ ಗಾಢವಾಗಿಸಿ ಬಳಸುತ್ತಾರೆ. ಬೆಳಕಿನ ದಿಕ್ಕೂ ಮುಖ್ಯ. ಎಡಗಡೆಯಿಂದ ಪ್ರಖರ ಬೆಳಕು ಬಿದ್ದಂತೆ ಚಿತ್ರಿಸಿದ ರವಿಕೆಯು ಅಂಗಡಿಯ ಜಾಹೀರಾತಿನಲ್ಲಿ ಚೆಂದವೇ. ಆದರೆ ಕೊಂಡವಳು ಸೂರ್ಯನಿಗೆ ಬೆನ್ನು ತಿರುಗಿಸಿದರೂ ಎಡಗಡೆಯೇ ಹೊಳೆಯುತ್ತಿದ್ದರೆ ಮೋಸ ಬಯಲಾಗುತ್ತದೆ. ಎಲ್ಲ ಹೊತ್ತಿಗೂ ಹೊಂದುವುದು ಮೇಲಿನಿಂದ ಬೀಳುವ ಮೃದು ಬೆಳಕು ಮಾತ್ರ.

ವೆಚ್ಚದ ಲೆಕ್ಕ

ಉದಾಹರಣೆಗೆ, ಒಂದು ಉಡುಪಿಗೆ 40 ಗಂಟೆಯ ದುಡಿಮೆ, ಗಂಟೆಗೆ 200 ರೂಪಾಯಿ ಎಂದಿಟ್ಟುಕೊಂಡರೆ ಶ್ರಮದ ವೆಚ್ಚ 8,000 ರೂಪಾಯಿ. ಚಿತ್ರವೊಂದನ್ನು ಆ ಜಗತ್ತಿಗೆ ಕಳುಹಿಸಲು ಬಹುಕಾಲ ಇದ್ದ ಶುಲ್ಕ 10 ಲಿಂಡೆನ್ ಡಾಲರು. ಅಂಗಿ ಮತ್ತು ಲಂಗಕ್ಕೆ ಎರಡು ಚಿತ್ರಗಳೆಂದರೂ ಅಮೆರಿಕದ ಹತ್ತು ಸೆಂಟಿಗಿಂತ ಕಡಿಮೆ. ಉಡುಪಿನ ಬೆಲೆ 250 ಲಿಂಡೆನ್ ಡಾಲರು, ಅಂದರೆ ಹೆಚ್ಚುಕಡಿಮೆ ಒಂದು ಡಾಲರು. ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ, ಅಂಗಡಿ ಬಾಡಿಗೆ ಮತ್ತು ವಿನಿಮಯ ಶುಲ್ಕಗಳನ್ನು ಬಿಟ್ಟು, 95ನೆಯ ಪ್ರತಿಗೆ ಅಸಲು ಹುಟ್ಟುತ್ತದೆ. 96ನೆಯ ಪ್ರತಿಯ ಉತ್ಪಾದನಾ ವೆಚ್ಚ ಸೊನ್ನೆ. ನಲವತ್ತು ಗಂಟೆಗಳಲ್ಲಿ ಇಪ್ಪತ್ತೈದು ನೆರಳಿಗೇ ಹೋಗಿದ್ದರೂ ಚಿಂತೆಯಿಲ್ಲ: ನೆರಳಿನ ಪದರವನ್ನು ಹಾಗೆಯೇ ಇರಿಸಿಕೊಂಡು ಕೆಳಗಿನ ಬಣ್ಣವನ್ನಷ್ಟೇ ಬದಲಿಸಿದರೆ ಹತ್ತು ಬಣ್ಣದ ಸರಕು ಸಿದ್ಧವಾಗುತ್ತದೆ. ಮುಂದೆ ಕೆಲವರು ಬಣ್ಣದ ಗೋಜಿಗೇ ಹೋಗದೆ, ನೆರಳು ತುಂಬಿದ ಉಡುಪಿನ ನಮೂನೆಗಳನ್ನಷ್ಟೇ ಇತರ ತಯಾರಕರಿಗೆ ಮಾರತೊಡಗಿದರು. ನೇಯ್ದ ಬಟ್ಟೆಯನ್ನು ಬಣ್ಣಗಾರರಿಗೆ ಒದಗಿಸುವ ಪದ್ಧತಿಯೇ ಇದು.

ನಕಲಿನ ಪೆಟ್ಟು

ಇಷ್ಟು ಶ್ರಮವೂ ಕೊನೆಗೆ ಒಂದು ಚಪ್ಪಟೆ ಚಿತ್ರದಲ್ಲಿ ಬಂದು ಕೂರುತ್ತದೆ. ಆ ಚಿತ್ರವು ನೋಡುವವರೆಲ್ಲರ ಕಂಪ್ಯೂಟರಿಗೆ ತಲುಪದಿದ್ದರೆ ಅಂಗಿ ಯಾರಿಗೂ ಕಾಣದು. ತಲುಪಿದರೆ ನಕಲಾಗದಂತೆ ತಡೆಯುವುದು ಕಷ್ಟ. 2006ರ ನವೆಂಬರ್‌ನಲ್ಲಿ ‘ಕಾಪಿಬಾಟ್’ ಎಂಬ ತಂತ್ರಾಂಶ ಹರಡಿದಾಗ ಅನೇಕ ವ್ಯಾಪಾರಿಗಳು ತಮ್ಮ ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು. ಅದರಿಂದ ನಕಲು ಮಾಡುವುದು ನಿಯಮೋಲ್ಲಂಘನೆಯೆಂದು ಲಿಂಡೆನ್ ಲ್ಯಾಬ್ ಸಾರಿತು. ಮರುವರ್ಷ ಅಕ್ಟೋಬರ್‌ನಲ್ಲಿ ಆರು ಮಂದಿ ವ್ಯಾಪಾರಿಗಳು ತಮ್ಮ ಸರಕಿನ ಅಕ್ರಮ ಪ್ರತಿಗಳನ್ನು ಮಾರಿದನೆಂದು ಆರೋಪಿಸಿ ಒಬ್ಬಾತನ ಮೇಲೆ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು. ಆತ ಕೊಡಲೊಪ್ಪಿದ ಮೊತ್ತ 525 ಡಾಲರು. ವಕೀಲರ ಶುಲ್ಕಕ್ಕೂ ಸಾಲದ ಹಣವಾದರೂ, ಕಾಣದ ಸರಕಿಗೂ ಒಡೆಯನಿದ್ದಾನೆಂಬುದು ನ್ಯಾಯಾಲಯದ ಕಡತದಲ್ಲಿ ದಾಖಲಾಯಿತು.

ತಯಾರಕನ ಬಳಿ ಮಾತ್ರ ಇರುವ, ನಕಲುಗಾರನಿಗೆ ಸಿಗದ ಒಂದು ವಸ್ತುವಿದೆ: ಪದರಗಳು ಬೇರೆಬೇರೆಯಾಗಿಯೇ ಉಳಿದಿರುವ ಮೂಲ ಕಡತ. ನಕಲುಗಾರನ ಕೈಗೆ ಬರುವುದು ನೆರಳು ಬಣ್ಣಗಳೆರಡೂ ಬೆರೆತುಹೋದ ಚಿತ್ರ. ವಿವಾದ ಎದ್ದಾಗ ತಯಾರಕನ ದಸ್ತಾವೇಜು ಈ ಮೂಲ ಕಡತವೇ. ಅದನ್ನು ದಿನಾಂಕ ಸಹಿತ ಎರಡು ಕಡೆ ಕಾದಿರಿಸುವುದು ಲೆಕ್ಕದ ಪುಸ್ತಕ ಕಾಪಾಡಿದಷ್ಟೇ ಅಗತ್ಯ.

ನಕಲಿಗಿಂತ ದೊಡ್ಡ ಪೆಟ್ಟು ಕಾಲದ್ದು. 2011ರಲ್ಲಿ ಮೂರು ಆಯಾಮದ ಜಾಲರಿ ಉಡುಪುಗಳು ಬಂದು, ಚಿತ್ರಿಸಿದ ಮಡಿಕೆಯ ಜಾಗದಲ್ಲಿ ನಿಜವಾದ ಮಡಿಕೆ ಕಾಣಿಸಿತು. 2013ರಲ್ಲಿ ಉಬ್ಬು ಮತ್ತು ಹೊಳಪನ್ನು ಪ್ರತ್ಯೇಕ ಚಿತ್ರಗಳಲ್ಲಿ ಕೊಡುವ ಸೌಲಭ್ಯ ಬಂದಿತು. 2023ರ ಕೊನೆಯಲ್ಲಿ ಬಂದ ಹೊಸ ಪದ್ಧತಿಯಂತೂ ಬಟ್ಟೆಯ ಮೂಲಬಣ್ಣದಲ್ಲಿ ಬೆಳಕು ನೆರಳು ಇರಲೇಬಾರದೆಂದು ಬಯಸುತ್ತದೆ. ಮುಚ್ಚಿದ ಜಾಗಗಳ ನೆರಳನ್ನು ಬೇರೆಯದೇ ಚಿತ್ರವಾಗಿ ಕೊಟ್ಟರೆ ಉಳಿದುದನ್ನು ಯಂತ್ರವೇ ಲೆಕ್ಕ ಹಾಕುತ್ತದೆ. ಹಳೆಯ ಸರಕನ್ನು ಈ ಬೆಳಕಿಗೆ ತಂದರೆ ನೆರಳಿನ ಮೇಲೆ ನೆರಳು ಬಿದ್ದು ಮಂಕಾಗುತ್ತದೆ. ಹಾಗೆಂದು ಕಸುಬು ಸತ್ತಿಲ್ಲ. ರೋಬ್ಲಾಕ್ಸ್ ಎಂಬ ಆಟದ ಜಗತ್ತಿನ ಹಳೆಯ ಮಾದರಿಯ ಅಂಗಿಯು 585ಕ್ಕೆ 559 ಬಿಂದುಗಳ ಚಪ್ಪಟೆ ಚಿತ್ರವೇ ಆಗಿದ್ದು, ಅದರ ಮಡಿಕೆಗಳನ್ನು ಇಂದಿಗೂ ಚಿತ್ರಿಸಿಯೇ ತೋರಿಸಬೇಕು. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಅಮೂರ್ತ ಆಸ್ತಿಯ ಉಪಯುಕ್ತ ಆಯುಷ್ಯವು ಸಾಮಾನ್ಯವಾಗಿ ಹತ್ತು ವರ್ಷ ಮೀರದೆಂದು ಭಾವಿಸಲಾಗುತ್ತದೆ. ಈ ಸರಕಿಗೆ ಎರಡು ಮೂರು ವರ್ಷಕ್ಕಿಂತ ಹೆಚ್ಚು ಹಿಡಿಯುವುದು ವಿವೇಕವಲ್ಲ.

ಬೆಂಗಳೂರಿಗೆ ಈ ಕುಶಲತೆ ಹೊಸದಲ್ಲ. 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ವಿದೇಶಿ ಆಟಗಳಿಗೆ ಚಿತ್ರಕಲೆಯ ಕೆಲಸವನ್ನು ವರ್ಷಗಟ್ಟಲೆ ಮಾಡಿಕೊಟ್ಟು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಪಾಲಾಯಿತು. ಆದರೆ ಅಂತಹ ಗುತ್ತಿಗೆ ಕೆಲಸದಲ್ಲಿ ಬಿಲ್ಲು ಯಾರ ಹೆಸರಿಗೆ ಎಂಬ ಪ್ರಶ್ನೆಯಿಲ್ಲ. ಸ್ವಂತ ಸರಕನ್ನು ಅವತಾರಗಳಿಗೆ ಮಾರಹೊರಟ ಕಿರು ಉದ್ದಿಮೆದಾರನಿಗೆ ಅದೇ ಮೊದಲ ಪ್ರಶ್ನೆ. 2017ರ ಸಮಗ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯಡಿ ಸೇವೆಯ ರಫ್ತು ಎನಿಸಿಕೊಳ್ಳಬೇಕಾದರೆ ಪಡೆಯುವವನು ಭಾರತದ ಹೊರಗಿರಬೇಕು, ಪೂರೈಕೆಯ ಸ್ಥಳವೂ ಹೊರಗಿರಬೇಕು, ಹಣವು ಪರಿವರ್ತನೀಯ ವಿದೇಶಿ ವಿನಿಮಯದಲ್ಲಿ ಅಥವಾ ರಿಸರ್ವ್ ಬ್ಯಾಂಕ್ ಅನುಮತಿಸಿದಲ್ಲಿ ರೂಪಾಯಿಯಲ್ಲಿ ಬರಬೇಕು. ಅವತಾರದ ಹೆಸರು ಹೊತ್ತ ಗ್ರಾಹಕ ಬರ್ಲಿನ್ನಿನವನೋ ಬಳ್ಳಾರಿಯವನೋ ಮಾರಾಟದ ಪಟ್ಟಿಯಿಂದ ತಿಳಿಯದು. ಲಿಂಡೆನ್ ಲ್ಯಾಬ್ ಸಹ 2007ರಲ್ಲಿ ಐರೋಪ್ಯ ಒಕ್ಕೂಟದ ನಿವಾಸಿಗಳಿಂದ ಮೌಲ್ಯವರ್ಧಿತ ತೆರಿಗೆ ವಸೂಲಿ ಆರಂಭಿಸಿದಾಗ, ಅವತಾರದ ಹಿಂದಿರುವವನ ದೇಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಆದುದರಿಂದ ಮೊದಲ ಉಡುಪು ಮಾರುವ ಮೊದಲೇ ವೇದಿಕೆಯ ಕರಾರನ್ನು ತರಿಸಿ ಓದಿ, ಕಾನೂನಿನ ದೃಷ್ಟಿಯಲ್ಲಿ ಪಡೆಯುವವನು ಸಂಸ್ಥೆಯೋ ಅಥವಾ ನಿವಾಸಿಯೋ ಎಂಬುದನ್ನು ಲೆಕ್ಕಪರಿಶೋಧಕರೊಡನೆ ಇತ್ಯರ್ಥಪಡಿಸಿಕೊಂಡು, ಪ್ರತಿ ಪಾವತಿಗೂ ಬ್ಯಾಂಕಿನ ವಿದೇಶಿ ಹಣ ಸ್ವೀಕೃತಿ ಪತ್ರವನ್ನು ಪಡೆದಿಡತಕ್ಕದ್ದು.