ಚಿಲಕ ಬೀಳುವ ಹೊತ್ತು

ಸಂಜೆಯಾಗುತ್ತಿದ್ದಂತೆ ತೀರ್ಥಹಳ್ಳಿ ಕಡೆಯ ಈ ಮನೆಯ ಹಿತ್ತಲಿನಲ್ಲಿ ಅಡಿಕೆಮರಗಳ ನೆರಳು ಬಚ್ಚಲ ಗೋಡೆಯನ್ನು ಹತ್ತುತ್ತದೆ. ಹಂಡೆ ಒಲೆಯ ಹೊಗೆ, ಗೊಬ್ಬರಗುಂಡಿಯ ಹಸಿಸೊಪ್ಪಿನ ವಾಸನೆ, ನಡುವೆ ತರಗೆಲೆ ಕೆದರುವ ಪರಪರ ಸದ್ದು. ಹೇಂಟೆಯೊಂದು ಮರಿಗಳಿಗೆ ಗೆದ್ದಲು ತೋರಿಸುತ್ತಿದೆ. ಹುಂಜ ಮಾತ್ರ ಕೆದರುತ್ತಿಲ್ಲ. ಕತ್ತು ಓರೆ ಮಾಡಿ ಒಂದು ಕಣ್ಣನ್ನು ಆಕಾಶಕ್ಕೆ ನೆಟ್ಟಿದೆ.

ಇದ್ದಕ್ಕಿದ್ದಂತೆ ಅದರ ಗಂಟಲಿಂದ ಎಳೆದ ಕೀರಲು ದನಿ. ಮರುಗಳಿಗೆಗೆ ಮರಿಗಳೆಲ್ಲ ದಾಸವಾಳದ ಬುಡದಲ್ಲಿ ಮಾಯ. ಮೇಲೆ ಗಿಡುಗವೊಂದು ಸುತ್ತು ಹೊಡೆದು ತೋಟದಾಚೆ ಸಾಗುತ್ತದೆ. ನೆಲದ ಮೇಲೆ ಮುಂಗುಸಿ ಕಂಡಿದ್ದರೆ ಕೂಗು ಬೇರೆ: ಬಿಡದೆ ಕೊಕ್ಕೊಕ್ಕೊ ಎನ್ನುವ ಗದ್ದಲ. ಮೇಲಿನ ಶತ್ರುವಿಗೊಂದು, ಕೆಳಗಿನ ಶತ್ರುವಿಗೊಂದು ಎಂದು ಹುಂಜಕ್ಕೆ ಎರಡು ದನಿ. ಹಿತ್ತಲಿನ ತುಂಬ ಪೊದೆ ಬಿಟ್ಟಿರುವುದು ಸೋಮಾರಿತನದಿಂದಲ್ಲ. ಬಯಲಲ್ಲಿ ಮೇಯುವ ಮರಿಗೆ ಓಡಿ ಅಡಗಲು ಜಾಗ ಬೇಕು.

ಇಲ್ಲಿನವು ಬಹುಪಾಲು ನಾಟಿ ಕೋಳಿಗಳು, ಅಟ್ಟಿಸಿಕೊಂಡು ಬಂದರೆ ಹಾರಿ ಹಲಸಿನ ಕೊಂಬೆ ಹಿಡಿಯುವಂಥವು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹಿತ್ತಲಿಗೆಂದೇ ರೂಪಿಸಿದ ಗಿರಿರಾಜ ತೂಕದ ಕೋಳಿ. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಹಾಗಾಗಿ ಕಾಡುಬೆಕ್ಕಿನಿಂದ ತಪ್ಪಿಸಿಕೊಳ್ಳುವುದರಲ್ಲಿ ಚುರುಕು.

ಆದರೆ ಕತ್ತಲಾದರೆ ಯಾವ ಚುರುಕೂ ಸಾಲದು. ಕೋಳಿಗೆ ಇರುಳುಗಣ್ಣು, ಕಾಡುಬೆಕ್ಕು, ಪುನುಗಿನ ಬೆಕ್ಕುಗಳಿಗೆ ಅದೇ ಬೇಟೆಯ ಹೊತ್ತು. ಸೊಸೆ ಅಕ್ಕಿನುಚ್ಚು ಎರಚಿ "ಬಾ ಬಾ ಬಾ" ಎನ್ನುತ್ತಲೇ ಒಂದೊಂದೇ ಗೂಡು ಹತ್ತುತ್ತವೆ. ಗೂಡು ನೆಲದಿಂದ ಮೊಳದೆತ್ತರ, ನಾಲ್ಕು ಕಂಬಗಳ ಮೇಲೆ. ಅದರ ಸುತ್ತಲಿನ ಅಂಗಳಕ್ಕೆ ಅರ್ಧ ಇಂಚು ಕಣ್ಣಿನ ದಪ್ಪ ತಂತಿಬಲೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಆರು ಮೂಲೆಯ ತೆಳುಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಬೆಕ್ಕನ್ನು ಹೊರಗಿಡುವುದಿಲ್ಲ. ಬಲೆಯ ಕೆಳಅಂಚನ್ನು ಹೊರಕ್ಕೆ ಒಂದಡಿ ಮಡಚಿ ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರಿದ್ದಾರೆ. ಕೆರೆಯುವ ಪ್ರಾಣಿ ಬಲೆಯ ಬುಡಕ್ಕೇ ಬಂದು ಕೆರೆಯುತ್ತದೆ. ಉಗುರಿಗೆ ತಂತಿ ಸಿಕ್ಕರೆ, ಎರಡು ಹೆಜ್ಜೆ ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ಹೊಳೆಯುವುದು ಕಡಿಮೆ.

"ಅತ್ತೆ, ಬೋಳಿ ಹೇಂಟೆ ಬಂತಾ?"

"ಬಂತು ಕಣೆ. ಚಿಲಕ ಹಾಕಿ ಕೊಕ್ಕೆ ಸಿಕ್ಸು."

ಬಾಗಿಲಿಗೆ ಎರಡು ಭದ್ರತೆ, ಸಡಿಲ ಚಿಲಕವನ್ನು ಪಂಜವೂ ಜಾರಿಸೀತು ಎಂದು. ಅತ್ತೆ ಟಾರ್ಚ್ ಹಿಡಿದು ಸಂದುಗಳನ್ನು ನೋಡುತ್ತಾರೆ. ತಮ್ಮ ಎರಡು ಬೆರಳು ತೂರುವಲ್ಲಿ ಹಲಗೆಯ ಚೂರು ಬಡಿಯುತ್ತಾರೆ. ಸೊಸೆ ಉಳಿದ ನುಚ್ಚನ್ನು ಗುಡಿಸಿ ತೆಗೆಯುತ್ತಾಳೆ. ಕಾಳು ಬಿದ್ದಲ್ಲಿ ಇಲಿ, ಇಲಿ ಬಂದಲ್ಲಿ ಹಾವು. ಕಾವಿಗೆ ಇಟ್ಟವನ್ನು ಬಿಟ್ಟು ಮೊಟ್ಟೆಗಳೆಲ್ಲ ಮಧ್ಯಾಹ್ನವೇ ಅಡುಗೆಮನೆ ಸೇರಿವೆ. ಕಾವಿನ ಹೇಂಟೆಗೆ ಇಪ್ಪತ್ತೊಂದು ದಿನವೂ ಬಚ್ಚಲ ಪಕ್ಕದ ಬಾಗಿಲಿರುವ ಕೋಣೆ.

ಉರುಳು ಒಡ್ಡುವ, ವಿಷ ಹಾಕುವ ಮಾತು ಊರಲ್ಲಿ ಆಗಾಗ ಏಳುತ್ತದೆ. ಮುಂಗುಸಿ, ಪುನುಗು, ಕಾಡುಬೆಕ್ಕು ಮೂರಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ವಿಷಕ್ಕೆ ಮನೆಯ ನಾಯಿಯೂ ಬಲಿಯಾದೀತು. ಅತ್ತೆಯ ತಕರಾರು ಇನ್ನೂ ನೇರ: ಇಲಿ ಹಿಡಿಯುವ ಮುಂಗುಸಿಯನ್ನು ಕೊಂದು, ಆಮೇಲೆ ದುಡ್ಡು ಕೊಟ್ಟು ಇಲಿಪಾಷಾಣ ತರುವುದು ಯಾವ ಲೆಕ್ಕ?