ಬಾಡಿಗೆ ಬಾಕಿ: ಬೀಗ ಹಾಕಬೇಡಿ, ಲೆಕ್ಕ ಬರೆದಿಡಿ

ನಮ್ಮ ಮೊಹಲ್ಲಾಗಳಲ್ಲಿ ಮನೆ ಬಾಡಿಗೆಗೆ ಕೊಟ್ಟವರೆಲ್ಲ ಶ್ರೀಮಂತರಲ್ಲ. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿನಲ್ಲಿ ಒಂದು ಮಹಡಿ ಎಬ್ಬಿಸಿದವರಿದ್ದಾರೆ. ಗಂಡ ತೀರಿಹೋದ ಮೇಲೆ ಎರಡು ಕೋಣೆಯ ಬಾಡಿಗೆಯಲ್ಲೇ ಮಕ್ಕಳ ಶಾಲೆಯ ಫೀಸು ಕಟ್ಟುವ ತಾಯಂದಿರಿದ್ದಾರೆ. ಇವರಿಗೆ ನಾಲ್ಕು ತಿಂಗಳು ಬಾಡಿಗೆ ನಿಂತರೆ ಮನೆಯ ಒಲೆಗೇ ಕುತ್ತು. ಅತ್ತ ಬಾಡಿಗೆದಾರನೂ ಹೆಚ್ಚಾಗಿ ನಮ್ಮ ಸಾಲಿನಲ್ಲೇ ನಮಾಝಿಗೆ ನಿಲ್ಲುವವನು. ಕೆಲಸ ಕಳೆದುಕೊಂಡವನೋ ಆಸ್ಪತ್ರೆಯ ಬಿಲ್ಲಿನಲ್ಲಿ ಸಿಕ್ಕಿಬಿದ್ದವನೋ ಆಗಿರುತ್ತಾನೆ. ಕೆಲವರು ಮಾತ್ರ ಶಕ್ತಿಯಿದ್ದೂ ಕೊಡದವರು.

ಬಾಡಿಗೆ ಬಾಕಿ ಎಂಬುದು ಒಂದು ಸಾಲ. ಅದನ್ನು ವಸೂಲಿ ಮಾಡಲು ಮಾಲೀಕನಿಗೆ ಪೂರ್ಣ ಹಕ್ಕಿದೆ, ಆದರೆ ಕಾನೂನು ತೋರಿಸಿದ ದಾರಿಯಲ್ಲಿ ಮಾತ್ರ. ಕರ್ನಾಟಕದಲ್ಲಿ ಆ ದಾರಿ ಹೇಗಿದೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಮಾಡಬಾರದ ಕೆಲಸಗಳು

ಬಾಡಿಗೆದಾರ ಹೊರಗೆ ಹೋದಾಗ ಬೀಗ ಬದಲಿಸುವುದು, ಕರೆಂಟು ಮತ್ತು ನೀರು ನಿಲ್ಲಿಸುವುದು, ಸಾಮಾನು ಬೀದಿಗೆ ಹಾಕುವುದು, ನಾಲ್ಕು ಜನರನ್ನು ಕಳುಹಿಸಿ ಹೆದರಿಸುವುದು, ಇವು ಯಾವುದೂ ಕಾನೂನುಬದ್ಧವಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ, ಕಾನೂನು ಕ್ರಮವಿಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಮನೆ ನನ್ನದೇ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಬೆದರಿಕೆ, ಅಕ್ರಮ ಪ್ರವೇಶದ ಮೊಕದ್ದಮೆ ಬೇರೆ. ಹೀಗೆ ಸಾಲ ಕೊಡಬೇಕಾದವನು ದೂರುದಾರನಾಗುತ್ತಾನೆ, ಸಾಲ ಬರಬೇಕಾದವನು ಆರೋಪಿಯಾಗುತ್ತಾನೆ.

ಬಾಕಿಗೆ ಬದಲಾಗಿ ಫ್ರಿಜ್ಜು, ಹೊಲಿಗೆ ಯಂತ್ರ ಹಿಡಿದಿಟ್ಟುಕೊಳ್ಳುವವರೂ ಇದ್ದಾರೆ. ನ್ಯಾಯಾಲಯ ಡಿಕ್ರಿ ಕೊಟ್ಟ ಮೇಲೂ ಸಾಲಗಾರನ ಕುಟುಂಬದ ಅಗತ್ಯ ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ ಮತ್ತು ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿ ಮಾಡುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುತ್ತದೆ. ನ್ಯಾಯಾಧೀಶರೇ ಮುಟ್ಟಲಾಗದ ವಸ್ತುವನ್ನು ಮನೆ ಮಾಲೀಕ ಮುಟ್ಟಬಹುದೇ? ಪೊಲೀಸ್ ಠಾಣೆಗೆ ಹೋಗಿಯೂ ಬಾಡಿಗೆ ವಸೂಲಾಗದು. ಇದು ಸಿವಿಲ್ ವ್ಯವಹಾರ.

ಮೊದಲ ಕೆಲಸ: ಬರಹ

ಸಾಲದ ವ್ಯವಹಾರವನ್ನು ಅವಧಿ ಸಹಿತ ಬರೆದಿಡಬೇಕು, ಸಾಕ್ಷಿ ಇಡಬೇಕು ಎಂಬ ಆದೇಶ ಪವಿತ್ರ ಕುರ್‌ಆನಿನ ಅಲ್ ಬಕರಾ ಅಧ್ಯಾಯದ 282ನೇ ವಚನದಲ್ಲಿದೆ. ನಾವು ಮಾತ್ರ ಪರಿಚಯದವರೆಂಬ ಸಂಕೋಚಕ್ಕೆ ಕರಾರು ಪತ್ರವನ್ನೇ ಮಾಡುವುದಿಲ್ಲ. ಕರಾರು ಪತ್ರದಲ್ಲಿ ಬಾಡಿಗೆ ಎಷ್ಟು, ಯಾವ ತಾರೀಖಿಗೆ, ಮುಂಗಡ ಎಷ್ಟು, ನೀರು ಮತ್ತು ಕರೆಂಟಿನ ಬಿಲ್ಲು ಯಾರದು ಎಂಬುದಿರಲಿ. ಸರಿಯಾದ ಮುದ್ರಾಂಕ ಶುಲ್ಕ ಕಟ್ಟದ ಪತ್ರವನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲು ದಂಡ ತೆರಬೇಕಾಗುತ್ತದೆ. ಒಂದು ವರ್ಷ ಮೀರಿದ ಅವಧಿಯ ಗೇಣಿಪತ್ರಕ್ಕೆ ನೋಂದಣಿ ಕಡ್ಡಾಯ. ಬಾಡಿಗೆ ಬ್ಯಾಂಕಿನ ಮೂಲಕ ಬರಲಿ. ನಗದಾದರೆ ರಸೀದಿ ಕೊಡಿ. ಪತ್ರವೇ ಇಲ್ಲದಿದ್ದರೆ ಬ್ಯಾಂಕಿನ ಪಾಸ್‌ಬುಕ್ಕು ಮತ್ತು ಮೊಬೈಲಿನ ಸಂದೇಶಗಳೇ ಸಾಕ್ಷ್ಯವಾಗುತ್ತವೆ. ಅವನ್ನು ಅಳಿಸಬೇಡಿ.

ಬಾಕಿ ಶುರುವಾದ ಕೂಡಲೇ ಬಾಡಿಗೆದಾರನ ಜೊತೆ ಕುಳಿತು ಲೆಕ್ಕ ಮಾಡಿ. ಉದಾಹರಣೆಗೆ, ತಿಂಗಳಿಗೆ 9,000 ರೂಪಾಯಿಯಂತೆ ನಾಲ್ಕು ತಿಂಗಳಿಗೆ 36,000, ಮುಂಗಡ 50,000. ಈಗ ಮನೆ ಖಾಲಿ ಮಾಡಿದರೆ 14,000 ಅವನಿಗೇ ಹಿಂದಿರುಗಿಸಬೇಕು. ಇನ್ನೆರಡು ತಿಂಗಳು ಕಳೆದರೆ ಬಾಕಿ 54,000 ಆಗಿ ಮುಂಗಡವನ್ನು ಮೀರುತ್ತದೆ. ಈ ಲೆಕ್ಕವನ್ನು ಇಬ್ಬರೂ ಒಟ್ಟಿಗೆ ನೋಡಿದರೆ ಎಷ್ಟೋ ಜಗಳ ಅಲ್ಲಿಗೇ ಮುಗಿಯುತ್ತದೆ.

ನಿಜವಾಗಿ ಕಷ್ಟದಲ್ಲಿರುವವನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂದೂ, ಬಿಟ್ಟುಕೊಟ್ಟರೆ ಇನ್ನೂ ಉತ್ತಮವೆಂದೂ ಅದೇ ಅಧ್ಯಾಯದ 280ನೇ ವಚನ ಕಲಿಸುತ್ತದೆ. ಕಾಲಾವಕಾಶವನ್ನೂ ಬರಹದಲ್ಲೇ ಕೊಡಿ. ಬಾಕಿ ಇಷ್ಟು, ತಿಂಗಳಿಗೆ ಇಷ್ಟು ಕಂತು ಎಂದು ಬರೆದು ಬಾಡಿಗೆದಾರನ ಸಹಿ ಪಡೆಯಿರಿ. ಇದಕ್ಕೆ ಕಾನೂನಿನ ಕಾರಣವೂ ಇದೆ.

ಮೂರು ವರ್ಷದ ಗಡುವು

1963ರ ಕಾಲಮಿತಿ ಕಾಯ್ದೆಯಂತೆ ಬಾಡಿಗೆ ಬಾಕಿಯ ದಾವೆಯನ್ನು ಅದು ಕೊಡಬೇಕಾದ ದಿನದಿಂದ ಮೂರು ವರ್ಷದೊಳಗೆ ಹೂಡಬೇಕು. ಪ್ರತಿ ತಿಂಗಳ ಬಾಡಿಗೆಗೂ ಪ್ರತ್ಯೇಕ ಗಡುವು. 2023ರ ಮಾರ್ಚ್ 5ಕ್ಕೆ ಬರಬೇಕಿದ್ದ ಬಾಡಿಗೆಯನ್ನು 2026ರ ಮಾರ್ಚ್ ಕಳೆದ ಮೇಲೆ ನ್ಯಾಯಾಲಯದಲ್ಲಿ ಕೇಳಲಾಗದು. ಆದರೆ ಗಡುವಿನೊಳಗೆ ಬಾಡಿಗೆದಾರ ಬಾಕಿಯನ್ನು ಒಪ್ಪಿ ಸಹಿ ಮಾಡಿದ್ದರೆ ಆ ದಿನದಿಂದ ಹೊಸ ಲೆಕ್ಕ ಶುರು. ದಯೆಯಿಂದ ಬಾಯಿಮಾತಿನಲ್ಲೇ ಕಾಯುತ್ತಾ ಕುಳಿತವರು ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ಕಾಗದದ ಮೇಲೆ ಕಾದವರು ಕಳೆದುಕೊಳ್ಳುವುದಿಲ್ಲ.

ನೋಟಿಸು

ಮಾತು ಫಲಿಸದಿದ್ದರೆ ವಕೀಲರ ಮೂಲಕ ನೋಟಿಸು ಕಳುಹಿಸಿ. ಯಾವ ತಿಂಗಳ ಎಷ್ಟು ಬಾಕಿ, ಎಷ್ಟು ದಿನದೊಳಗೆ ಕೊಡಬೇಕು ಎಂಬುದು ಸ್ಪಷ್ಟವಾಗಿರಲಿ. ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ ಆ ರಸೀದಿಯನ್ನು ಜೋಪಾನವಾಗಿಡಿ. ಬಡ್ಡಿ ಕೇಳುವುದು ಕಡ್ಡಾಯವಲ್ಲ. ಬೇಡವೆನ್ನುವವರು ಅಸಲು ಮತ್ತು ಖರ್ಚನ್ನು ಮಾತ್ರ ಕೇಳುವಂತೆ ವಕೀಲರಿಗೆ ಮೊದಲೇ ತಿಳಿಸಬೇಕು.

ಮನೆಯನ್ನೂ ಬಿಡಿಸಬೇಕಾದರೆ ಯಾವ ಕಾಯ್ದೆ ಅನ್ವಯಿಸುತ್ತದೆ ಎಂದು ನೋಡಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಡಿಮೆ ಬಾಡಿಗೆಯ ಕಟ್ಟಡಗಳಿಗಷ್ಟೇ ಅನ್ವಯ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಕಾಯ್ದೆ ಜಾರಿಯಲ್ಲಿರುವ ಇತರ ಕಡೆ 2,000 ರೂಪಾಯಿ ಮೀರಿದರೆ, ಅಥವಾ ಅಂಗಡಿಯ ವಿಸ್ತೀರ್ಣ 14 ಚದರ ಮೀಟರ್ ಮೀರಿದರೆ ಅದು ಅನ್ವಯಿಸದು. ಈ ಕಾಯ್ದೆಗೆ ಒಳಪಟ್ಟ ಬಾಡಿಗೆದಾರ, ನೋಟಿಸು ತಲುಪಿ ಎರಡು ತಿಂಗಳಾದರೂ ಪೂರ್ತಿ ಬಾಕಿ ಕೊಡದಿದ್ದರೆ ಅದು ತೆರವಿಗೆ ಕಾರಣವಾಗುತ್ತದೆ. ಇಂದಿನ ಹೆಚ್ಚಿನ ಬಾಡಿಗೆಗಳು ಈ ಮಿತಿ ಮೀರಿದ್ದು, 1882ರ ಸ್ವತ್ತು ವರ್ಗಾವಣೆ ಕಾಯ್ದೆಗೆ ಬರುತ್ತವೆ. ಅದರ 106ನೇ ಕಲಂ ಪ್ರಕಾರ, ಬೇರೆ ಕರಾರು ಇಲ್ಲದ ತಿಂಗಳ ಬಾಡಿಗೆಯನ್ನು 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು. ನೋಟಿಸು ಕೊಟ್ಟ ಮೇಲೆ ಹಣ ಬಂದರೆ ಅದನ್ನು ಹಳೆಯ ಬಾಕಿಗೆ ಜಮೆ ಮಾಡಿದ್ದೇನೆ ಎಂದು ರಸೀದಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ನೋಟಿಸನ್ನೇ ಕೈಬಿಟ್ಟಿರಿ ಎಂಬ ವಾದ ಬರಬಹುದು.

ಅದಾಲತ್ ಮತ್ತು ದಾವೆ

ದಾವೆಗೆ ಮುನ್ನ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿಗೆ ಯತ್ನಿಸಬಹುದು. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ. ಅಲ್ಲಿಯ ತೀರ್ಮಾನ ಡಿಕ್ರಿಗೆ ಸಮ, ಮೇಲ್ಮನವಿಯಿಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ ಎಂಬುದು ಅನೇಕ ತಾಯಂದಿರಿಗೆ ಗೊತ್ತಿಲ್ಲ. ಸಹಾಯವಾಣಿ 15100.

ರಾಜಿಯಾಗದಿದ್ದರೆ ಸಿವಿಲ್ ದಾವೆ. ಬಾಡಿಗೆದಾರ ಇನ್ನೂ ಮನೆಯಲ್ಲಿದ್ದರೆ ಬಾಕಿ, ಮನೆಯ ಸ್ವಾಧೀನ ಮತ್ತು ಬಿಡುವ ದಿನದವರೆಗಿನ ಪರಿಹಾರವನ್ನು ಒಂದೇ ದಾವೆಯಲ್ಲಿ ಕೇಳುವುದು ಒಳ್ಳೆಯದು. ಬಿಟ್ಟುಹೋಗಿದ್ದರೆ ಹಣದ ದಾವೆ ಸಾಕು. ಡಿಕ್ರಿ ಬಂದ ಮೇಲೂ ಕೊಡದಿದ್ದರೆ ಅಮಲ್ಜಾರಿ ಅರ್ಜಿ ಹಾಕಿ ಬ್ಯಾಂಕ್ ಖಾತೆ ಅಥವಾ ಸಂಬಳದ ಒಂದು ಭಾಗವನ್ನು ಜಪ್ತಿ ಮಾಡಿಸಬಹುದು. ಇದಕ್ಕೆ 12 ವರ್ಷಗಳ ಅವಕಾಶವಿದೆ.

ವಕ್ಫ್ ಅಂಗಡಿಗಳ ಬಾಡಿಗೆ

ಮಸೀದಿ ಕಮಿಟಿಗಳು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸ್ವಂತ ಮನೆಯ ಬಾಕಿಯನ್ನು ಮಾಲೀಕ ಮನ್ನಾ ಮಾಡಬಹುದು. ವಕ್ಫ್ ಅಂಗಡಿಯ ಬಾಡಿಗೆ ಕಮಿಟಿಯ ಸ್ವಂತ ಹಣವಲ್ಲ, ಅದು ಅಮಾನತ್ತು. ಅಧ್ಯಕ್ಷರ ನೆಂಟನೆಂದು ವರ್ಷಗಟ್ಟಲೆ ಬಾಕಿ ಬಿಡುವ ಅಧಿಕಾರ ಯಾರಿಗೂ ಇಲ್ಲ. 2013ರ ತಿದ್ದುಪಡಿಯ ನಂತರ ವಕ್ಫ್ ಆಸ್ತಿಯ ಬಾಡಿಗೆದಾರನ ತೆರವಿನ ವಿವಾದಗಳು ವಕ್ಫ್ ನ್ಯಾಯಮಂಡಳಿಯ ಮುಂದೆ ಹೋಗುತ್ತವೆ. ಮೂರು ವರ್ಷ ಕಳೆಯುವ ಮುನ್ನ ವಕ್ಫ್ ಮಂಡಳಿಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಿ.

ಬಾಡಿಗೆದಾರ ಸಹೋದರರಲ್ಲೂ ಒಂದು ಮಾತು. ಶಕ್ತಿಯಿದ್ದೂ ಸಾಲ ಮುಂದೂಡುವುದು ಅನ್ಯಾಯವೆಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಕಷ್ಟವಿದ್ದರೆ ಫೋನ್ ಎತ್ತದೆ ತಪ್ಪಿಸಿಕೊಳ್ಳಬೇಡಿ, ಹೋಗಿ ಹೇಳಿ, ಆದಷ್ಟು ಕೊಟ್ಟು ರಸೀದಿ ಪಡೆಯಿರಿ.

ಮಾಲೀಕರು ಇವತ್ತೇ ಲೆಕ್ಕದ ಪುಸ್ತಕ ತೆರೆದು, ಬಾರದ ಬಾಡಿಗೆಗಳಲ್ಲಿ ಅತ್ಯಂತ ಹಳೆಯದು ಯಾವ ತಿಂಗಳದ್ದು ಎಂದು ನೋಡಿ. ಎರಡು ವರ್ಷ ದಾಟಿದ್ದರೆ ಈ ವಾರವೇ ಬಾಡಿಗೆದಾರನನ್ನು ಕಂಡು ಬಾಕಿಯ ಒಪ್ಪಿಗೆಗೆ ಸಹಿ ಕೇಳಿ. ಅವನು ಒಪ್ಪದಿದ್ದರೆ ತಡಮಾಡದೆ ವಕೀಲರನ್ನು ಕಾಣಿರಿ.